ತತ್ತಿ ತಿನ್ನುವ ಹೇಂಟೆಯನ್ನು ಕೊಲ್ಲುವ ಮುನ್ನ

ತಾನಿಟ್ಟ ತತ್ತಿಯನ್ನು ತಾನೇ ಕುಕ್ಕಿ ತಿನ್ನುವ ಹೇಂಟೆಗೆ ನಮ್ಮ ಹಳ್ಳಿಗಳಲ್ಲಿ ಸಿಗುವ ಶಿಕ್ಷೆ ಒಂದೇ: ಅಂದಿನ ಸಾರು. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಗೂಡಿನ ಇನ್ನೆರಡು ಹೇಂಟೆಗಳ ಕೊಕ್ಕಿನಲ್ಲಿ ಹಳದಿ ಲೋಳೆ ಒಣಗಿ ಅಂಟಿಕೊಂಡಿತ್ತು. ದೋಷವೆಲ್ಲ ಗೂಡಿನಲ್ಲಿಯೂ ಮೇವಿನಲ್ಲಿಯೂ ಇದೆಯೆಂದು ಆಗ ಅರಿವಾಯಿತು.

ಒಂದು ತತ್ತಿಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಅದು ಸಾಲದಿದ್ದರೆ ಹೇಂಟೆ ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ. ಅದೂ ಬರಿದಾದಾಗ ಚಿಪ್ಪು ತೆಳುವಾಗುತ್ತದೆ. ತೆಳು ತತ್ತಿ ಕಾಲಡಿಯಲ್ಲಿ ಒಡೆಯುತ್ತದೆ, ಒಮ್ಮೆ ರುಚಿ ಹತ್ತಿದರೆ ಚಟವಾಗುತ್ತದೆ, ಒಂದನ್ನು ನೋಡಿ ಮತ್ತೊಂದು ಕಲಿಯುತ್ತದೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಗಿರಿರಾಜದಂತಹ ತಳಿಗಳು ನಾಟಿ ಹೇಂಟೆಗಿಂತ ಬಹಳ ಹೆಚ್ಚು ತತ್ತಿ ಇಡುತ್ತವೆ. ಅಷ್ಟೇ ಹೆಚ್ಚು ಸುಣ್ಣವನ್ನೂ ಬೇಡುತ್ತವೆ.

ಇಲ್ಲಿ ನಮ್ಮ ಮಣ್ಣಿನ ಮಾತೂ ಇದೆ. ಜೋಯಿಡಾ, ದಾಂಡೇಲಿಯ ಕಡೆ ಸುರಿಯುವ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ನೆದರ್ಲೆಂಡ್ಸಿನ ಕಾಡುಗಳಲ್ಲಿ ಆಮ್ಲ ಮಳೆಯಿಂದ ಮಣ್ಣಿನ ಸುಣ್ಣ ಕುಗ್ಗಿ, ಬಸವನಹುಳುಗಳು ಕ್ಷೀಣಿಸಿ, ಅವುಗಳ ಚಿಪ್ಪನ್ನೇ ನೆಚ್ಚಿದ್ದ ಚೇಕಡಿ ಹಕ್ಕಿಗಳ ತತ್ತಿಗಳು ದುರ್ಬಲವಾದ ಸಂಗತಿಯನ್ನು ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದರು. ಹಿತ್ತಲಲ್ಲಿ ಕೆದಕಾಡುವ ಹೇಂಟೆ ಬಸವನಹುಳು, ಗೆದ್ದಲು, ಎಲುಬಿನ ಚೂರುಗಳನ್ನು ಹೇಗೋ ಹುಡುಕಿಕೊಳ್ಳುತ್ತದೆ. ನಾಯಿ, ಕಾಡುಬೆಕ್ಕುಗಳ ಭಯದಿಂದ ದಿನವಿಡೀ ಬಲೆಯೊಳಗಿಟ್ಟು ನುಚ್ಚು, ಗೋವಿನಜೋಳವನ್ನಷ್ಟೇ ಹಾಕಿದರೆ ಅದಕ್ಕೆ ಸುಣ್ಣ ಸಿಗುವುದು ತನ್ನ ತತ್ತಿಯಿಂದಲೇ.

ತತ್ತಿಯೊಳಗೆ ಖಾರದಪುಡಿ ತುಂಬಿಡುವ ಉಪಾಯವನ್ನು ಹಲವರು ಹೇಳುತ್ತಾರೆ. ಮೆಣಸಿನ ಖಾರ ಹಕ್ಕಿಗಳ ನಾಲಿಗೆಗೆ ತಟ್ಟುವುದೇ ಇಲ್ಲ. ಸೂಜಿಮೆಣಸಿನ ಗಿಡಕ್ಕೆ ಬರುವ ಪಿಕಳಾರವನ್ನು ನೋಡಿದರೆ ಸಾಕು. ಕೊಕ್ಕು ಕತ್ತರಿಸುವುದನ್ನಂತೂ ನಾನು ಒಪ್ಪಲಾರೆ. ಮನೆಯಲ್ಲಿ ಉಳಿಯುವ ತತ್ತಿಚಿಪ್ಪನ್ನು ಹುರಿದು, ಗುರುತು ಸಿಗದಂತೆ ನುಣ್ಣಗೆ ಕುಟ್ಟಿ ಬೇರೆ ಬಟ್ಟಲಲ್ಲಿಡಬೇಕು. ಎಲೆಯಡಿಕೆಯ ಸುಣ್ಣವನ್ನು ಮಾತ್ರ ಹಾಕಬಾರದು, ಅದು ಸುಡುತ್ತದೆ. ನಾಲ್ಕೈದು ಹೇಂಟೆಗಳಿಗೊಂದು ಕತ್ತಲೆಯ ಗೂಡು, ದಪ್ಪನಾಗಿ ಹಾಸಿದ ಒಣಹುಲ್ಲು, ಸದಾ ನೀರು ಇರಬೇಕು. ಬಹುಪಾಲು ತತ್ತಿ ಮಧ್ಯಾಹ್ನದೊಳಗೆ ಬೀಳುವುದರಿಂದ ಅಷ್ಟರಲ್ಲಿ ಎರಡು ಬಾರಿಯಾದರೂ ಆರಿಸಬೇಕು. ಚಟ ಬಲಿತ ಹೇಂಟೆಯನ್ನು ಕೆಲಕಾಲ ಬೇರೆ ಇರಿಸುವುದು ಒಳಿತು.

ತತ್ತಿಯ ಹಣ ನಮ್ಮಲ್ಲಿ ಹೆಂಗಸರ ಕೈಯ ಹಣ. ಮಕ್ಕಳ ನೋಟುಪುಸ್ತಕವೂ ಬಸ್ಸಿನ ಚಾರ್ಜೂ ಅದರಲ್ಲಿಯೇ ಹೊರಡಬೇಕು. ಮಹಿಳಾ ಸಂಘಗಳಿಗೆ ಮರಿ ಹಂಚುವವರು ಮರಿಯೊಡನೆ ಈ ತಿಳಿವಳಿಕೆಯನ್ನೂ ಹಂಚಬೇಡವೇ? ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ಬರುವ ಮಳೆಗಾಲದಲ್ಲಿ ತಮ್ಮ ಹಿತ್ತಲಿನ ಬಸವನಹುಳುಗಳನ್ನು ಎಣಿಸಿ, ಯಾವ ಮನೆಯ ತತ್ತಿಯ ಚಿಪ್ಪು ತೆಳು ಎಂದು ಬರೆದಿಟ್ಟರೆ, ಜೋಯಿಡಾದ ಲೆಕ್ಕವನ್ನು ಮಳೆ ಕಡಿಮೆಯಿರುವ ಹಳಿಯಾಳ, ಮುಂಡಗೋಡದ ಲೆಕ್ಕದೊಡನೆ ಹೋಲಿಸಿ ನೋಡಬಹುದು.