ಮೂರು ಸಿಮ್ಮಿಗೆ ದುಡ್ಡು ಕಟ್ಟಿದರೂ ಘಾಟಿಯಲ್ಲಿ ಸೊನ್ನೆ

ಹೋದ ಮಳೆಗಾಲ ಬಾಳೆಬರೆ ಘಾಟಿಯಲ್ಲಿ ಮರ ಬಿದ್ದು ಎರಡೂ ಕಡೆ ಗಾಡಿ ನಿಂತಿದ್ದವು. ಹುಲಿಕಲ್ ಕಡೆಯಿಂದ ಇಳಿಯುವ ಸಾಲಿನಲ್ಲಿ ಮಣಿಪಾಲಕ್ಕೆ ಹೊರಟಿದ್ದ ಒಂದು ಆಂಬುಲೆನ್ಸ್ ಕೂಡ ಇತ್ತು. ಡ್ರೈವರ್ ಇಳಿದು ಫೋನನ್ನು ತಲೆಯ ಮೇಲೆ ಹಿಡಿದುಕೊಂಡು ಆ ತಿರುವಿನಿಂದ ಈ ತಿರುವಿಗೆ ಓಡಾಡುತ್ತಿದ್ದರು. ನಮ್ಮನ್ನು ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣಾ, ನಿಮ್ಮದ್ರಲ್ಲಿ ಸಿಗ್ನಲ್ ಇದ್ಯಾ?"

ಇತ್ತು. ಒಂದೇ ಒಂದು ಕಡ್ಡಿ. ನಮ್ಮ ಎರಡು ಫೋನು, ಒಂದು ಡಾಂಗಲ್‌ನಲ್ಲಿರುವ ಮೂರು ಕಂಪನಿಯ ಸಿಮ್ಮುಗಳಲ್ಲಿ ಒಂದಕ್ಕೆ ಮಾತ್ರ. ಅದರಿಂದಲೇ ಅವರು ಆಸ್ಪತ್ರೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿದರು. ಅವರ ಫೋನು ಕೆಟ್ಟಿರಲಿಲ್ಲ, ರೀಚಾರ್ಜ್ ಮುಗಿದಿರಲಿಲ್ಲ, ಗಾಳಿಯಲ್ಲಿ ಸಿಗ್ನಲ್ಲೂ ಇತ್ತು. ಅವರ ಕಂಪನಿ ಬೇರೆ, ಆ ಟವರಿನ ಕಂಪನಿ ಬೇರೆ. ಅಷ್ಟೇ ವ್ಯತ್ಯಾಸ.

ಆವತ್ತು ನಾವು ಕಳಿಸಬೇಕಾಗಿದ್ದ ನಲವತ್ತು ಸೆಕೆಂಡಿನ ವಿಡಿಯೊ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಗಿ, ಕೊನೆಗೆ ಬೈಕ್ ತಿರುಗಿಸಿ ಮಾಸ್ತಿಕಟ್ಟೆಗೆ ಬಂದ ಮೇಲೆ ಹೋಯಿತು. ಅಷ್ಟರಲ್ಲಿ ಡೆಸ್ಕಿನವರು ಬೇರೆಯವರ ವಾಟ್ಸ್ಯಾಪ್ ವಿಡಿಯೊ ಹಾಕಿ ಮುಗಿಸಿದ್ದರು. ನಮ್ಮ ಸುದ್ದಿಗೆ ದುಡ್ಡಿಲ್ಲ. ಸ್ಟ್ರಿಂಗರ್ ಬದುಕು ಗೊತ್ತಿದ್ದದ್ದೇ, ಅದನ್ನು ಇಲ್ಲಿ ಗೋಳಾಡಿಕೊಳ್ಳುವುದಿಲ್ಲ. ಆದರೆ ಮಾರನೇ ದಿನ ಡೆಸ್ಕಿನಿಂದ ಬಂದ ಬುದ್ಧಿವಾದದ ಬಗ್ಗೆ ಮಾತಾಡಲೇಬೇಕು. "ಎಲ್ಲಾ ಸಿಮ್ ಒಟ್ಟು ಸೇರಿಸೋ ಟೆಕ್ನಾಲಜಿ ಇದೆಯಲ್ರೀ, ಅದನ್ನ ಹಾಕಿಸ್ಕೊಳ್ಳಿ" ಎಂದರು.

ಇದೆ, ಸುಳ್ಳಲ್ಲ. ಟಿವಿಯವರು ಬೆನ್ನಿಗೆ ಹಾಕಿಕೊಂಡು ಲೈವ್ ಕೊಡುವ ಪೆಟ್ಟಿಗೆ ನೋಡಿರುತ್ತೀರಿ. ಅದರೊಳಗೆ ಬೇರೆ ಬೇರೆ ಕಂಪನಿಯ ನಾಲ್ಕು, ಆರು, ಕೆಲವದರಲ್ಲಿ ಎಂಟು ಸಿಮ್ ಕೂರುತ್ತವೆ. ಎಲ್ಲದರ ಇಂಟರ್ನೆಟ್ಟನ್ನೂ ಒಂದು ಹಗ್ಗದಂತೆ ಹೊಸೆದು ಚಿತ್ರ ಕಳಿಸುತ್ತದೆ. ನಮ್ಮ ಚಾನೆಲ್ಲಿನ ಪೆಟ್ಟಿಗೆ ಇರುವುದು ಜಿಲ್ಲಾ ಕೇಂದ್ರದಲ್ಲಿ. ಮಂತ್ರಿ ಬಂದಾಗ ಹೊರಗೆ ಬರುತ್ತದೆ, ಘಾಟಿಯಲ್ಲಿ ಮರ ಬಿದ್ದಾಗ ಬರುವುದಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಇದರ ಹೆಸರಿನಲ್ಲಿ ಮೋಸ ಹೋಗುವವರು ಜಾಸ್ತಿ. ನೂರು ಮೂಟೆ ಅಡಿಕೆಯನ್ನು ಸಾಗರದ ಮಂಡಿಗೆ ಕಳಿಸಬೇಕು ಅಂತಿಟ್ಟುಕೊಳ್ಳಿ. ಪ್ರತಿ ಮೂಟೆಗೂ ನಂಬರ್ ಬರೆದು ಮೂರು ಜೀಪಿಗೆ ಹಂಚಿ ಮೂರು ದಾರಿಯಲ್ಲಿ ಬಿಡುತ್ತೀರಿ. ಮಂಡಿಯಲ್ಲಿ ಒಬ್ಬ ರೈಟರ್ ನಿಂತು ನಂಬರ್ ಪ್ರಕಾರ ಮತ್ತೆ ಜೋಡಿಸುತ್ತಾನೆ. ಆ ರೈಟರ್ ಇಲ್ಲದೆ ಈ ಕೆಲಸ ಆಗುವುದೇ ಇಲ್ಲ. ಇಂಟರ್ನೆಟ್ಟಿನಲ್ಲಿ ಆ ರೈಟರ್ ಅಂದರೆ ಎಲ್ಲೋ ದೂರದಲ್ಲಿರುವ ಒಂದು ಸರ್ವರ್, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಒಂದು ಜೀಪ್ ಕೆಸರಿನಲ್ಲಿ ಹೂತುಕೊಂಡರೆ ಅದರಲ್ಲಿದ್ದ ಮೂಟೆ ಬರುವ ತನಕ ಉಳಿದ ಲೆಕ್ಕವೂ ಕಾಯಬೇಕು. ಹಾಗಾಗಿ ಒಳ್ಳೆಯ ಸಾಫ್ಟ್‌ವೇರ್ ಆದರೆ ನಿಧಾನದ ದಾರಿಗೆ ಮೂಟೆಯನ್ನೇ ಕಡಿಮೆ ಹಾಕುತ್ತದೆ.

ನಿಮ್ಮ ಎರಡು ಸಿಮ್ಮಿನ ಫೋನು ಈ ಕೆಲಸ ಮಾಡುವುದಿಲ್ಲ. ಎರಡು ಸಿಮ್ ಹಾಕಿದ್ದರೂ ಡೇಟಾ ಓಡುವುದು ಒಂದು ಹೊತ್ತಿಗೆ ಒಂದರಲ್ಲೇ. ಆನ್‌ಲೈನಿನಲ್ಲಿ ಸಿಗುವ "ಡ್ಯುಯಲ್ ಸಿಮ್ ರೌಟರ್"ಗಳಲ್ಲಿ ಬಹಳಷ್ಟು ಒಂದು ಸಿಮ್ ಸತ್ತರೆ ಇನ್ನೊಂದಕ್ಕೆ ಹಾರುತ್ತವೆ, ಅಷ್ಟೇ. ಕೂಡಿಸುವುದಿಲ್ಲ. ಇನ್ನು ಕೆಲವು, ನೀವು ವಿಡಿಯೊ ನೋಡುವುದನ್ನು ಒಂದು ಸಿಮ್ಮಿಗೂ ಮಗ ಗೇಮ್ ಆಡುವುದನ್ನು ಇನ್ನೊಂದಕ್ಕೂ ಹಂಚುತ್ತವೆ. ಆದರೆ ಒಂದೇ ವಿಡಿಯೊ ಕಳಿಸುವಾಗ ಅದು ಒಂದೇ ಸಿಮ್ಮಿನಲ್ಲಿ ಹೋಗುತ್ತದೆ, ವೇಗ ಕಿಂಚಿತ್ತೂ ಹೆಚ್ಚುವುದಿಲ್ಲ. ನಮ್ಮ ಗೆಳೆಯರೊಬ್ಬರು ಇಂಥದೇ ಡಬ್ಬಿ ತಂದು ಎರಡು ತಿಂಗಳ ಪೇಮೆಂಟ್ ಕಳೆದುಕೊಂಡರು. ಕೊಳ್ಳುವ ಮುಂಚೆ ಅಂಗಡಿಯವರನ್ನು ಒಂದೇ ಪ್ರಶ್ನೆ ಕೇಳಿ: ಆ ಕಡೆ ಜೋಡಿಸುವ ಸರ್ವರ್ ಯಾರದು? ಅವರು ಕಣ್ಣು ಕಣ್ಣು ಬಿಟ್ಟರೆ ವಾಪಸ್ ಬನ್ನಿ.

ಕಡಿಮೆ ಖರ್ಚಿನಲ್ಲಿ ಮಾಡುವ ದಾರಿಯೂ ಇದೆ. ಒಂದು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಇನ್ನೊಂದು ಫೋನಿಗೆ ವೈಫೈ ಕೊಟ್ಟು, ಆ ಎರಡನೇ ಫೋನಿನಲ್ಲಿ ಸ್ಪೀಡಿಫೈ ಥರದ ಆ್ಯಪ್ ಹಾಕಿದರೆ ವೈಫೈಯನ್ನೂ ಆ ಫೋನಿನ ಸ್ವಂತ ಸಿಮ್ಮನ್ನೂ ಸೇರಿಸುತ್ತದೆ. ನಾವು ಮಾಡುತ್ತಿರುವುದು ಇದೇ. ಬಯಲಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಶಿವಮೊಗ್ಗದಿಂದ ಆಯನೂರು ದಾಟುವ ತನಕ ಬಸ್ಸಿನಲ್ಲಿ ಕೂತು ವಿಡಿಯೊ ಕಳಿಸಿದ್ದೇವೆ, ಒಂದು ಸಿಮ್ ಬಿದ್ದಾಗ ಇನ್ನೊಂದು ಹಿಡಿದುಕೊಂಡಿದೆ. ಆದರೆ ಎರಡೂ ಸಿಮ್ಮಿನ ಡೇಟಾ ಖರ್ಚಾಗುತ್ತದೆ, ಎರಡೂ ಫೋನಿನ ಬ್ಯಾಟರಿ ಕುದಿಯುತ್ತದೆ. ಆ್ಯಪ್‌ನಲ್ಲಿ ಪುಕ್ಕಟೆ ಸಿಗುವುದು ಚೂರೇ ಚೂರು.

ಈಗ ಘಾಟಿಗೆ ಬನ್ನಿ. ಮೂರು ಸಿಮ್ಮಿನಲ್ಲಿ ಎರಡಕ್ಕೆ ಸಿಗ್ನಲ್ಲೇ ಇಲ್ಲದಿದ್ದರೆ ಕೂಡಿಸುವುದು ಏನನ್ನು? ಒಂದು ಕಡ್ಡಿಗೆ ಸೊನ್ನೆ, ಸೊನ್ನೆ ಕೂಡಿಸಿದರೆ ಒಂದೇ ಕಡ್ಡಿ. ಮೂರು ಕಂಪನಿಯೂ ಒಂದೇ ಕಂಬಕ್ಕೆ ಆಂಟೆನಾ ಕಟ್ಟಿರುವ ಊರುಗಳಿವೆ. ಅಲ್ಲಿ ಕರೆಂಟ್ ಹೋಗಿ, ಬ್ಯಾಟರಿ ಇಳಿದು, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಮೂರೂ ಒಟ್ಟಿಗೇ ಮಲಗುತ್ತವೆ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೂ ಅದೇ ಕಥೆ. ಎಂಟು ಸಿಮ್ಮಿನ ಪೆಟ್ಟಿಗೆ ಹೊತ್ತು ತಂದರೂ ಅಷ್ಟೇ.

ಹಾಗಾಗಿ ನಮ್ಮ ತಕರಾರು ಇರುವುದು ಟೆಕ್ನಾಲಜಿಯ ಮೇಲಲ್ಲ. ಟವರುಗಳು ಮಾಡಬೇಕಾದ ಕೆಲಸವನ್ನು ನಮ್ಮ ಜೇಬು ಮಾಡುತ್ತಿದೆ, ಅದರ ಮೇಲೆ. ಬಹಳಷ್ಟು ಪ್ಲಾನ್‌ಗಳು 28 ದಿನದ್ದು, ಅಂದರೆ ವರ್ಷಕ್ಕೆ 13 ರೀಚಾರ್ಜ್. ಮೂರು ಸಿಮ್ಮಿಗೆ 39. 30 ದಿನದ ಪ್ಲಾನನ್ನೂ ಇಡಬೇಕೆಂದು ಟ್ರಾಯ್ 2022ರಲ್ಲೇ ಆದೇಶ ಮಾಡಿದೆ. ಆದರೂ ಅಂಗಡಿಗೆ ಹೋದರೆ ಮೊದಲು ಹೇಳುವುದು 28ರದ್ದೇ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ಹೆಚ್ಚುಕಡಿಮೆ ಒಟ್ಟಿಗೆ ದರ ಏರಿಸಿದವು. ದರ ಏರಿಸುವಾಗ ಒಟ್ಟಾಗಲು ಬರುತ್ತದೆ, ಟವರ್ ಹಂಚಿಕೊಳ್ಳುವಾಗ ಮಾತ್ರ ಬರುವುದಿಲ್ಲ.

ಹಂಚಿಕೊಳ್ಳಲು ಸಾಧ್ಯವೇ ಎಂದು ಕೇಳುವವರು ತಮ್ಮ ಫೋನನ್ನೇ ನೋಡಿಕೊಳ್ಳಲಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಪರದೆಯ ಮೇಲೆ "ತುರ್ತು ಕರೆಗಳು ಮಾತ್ರ" ಎಂದು ಬರುತ್ತದಲ್ಲ, ಅದರ ಅರ್ಥ ಬೇರೆ ಯಾವುದೋ ಕಂಪನಿಯ ಟವರ್ ನಿಮ್ಮ ಫೋನಿಗೆ ಕಾಣಿಸುತ್ತಿದೆ ಎಂದು. 112ಕ್ಕೆ ಒತ್ತಿದರೆ ಕರೆ ಆ ಟವರಿನ ಮೂಲಕ ಹೋಗುವ ಏರ್ಪಾಡು ಇದೆ. (ಗೊತ್ತಿಲ್ಲದವರು ಇದನ್ನು ಮನೆಯವರಿಗೆಲ್ಲ ಹೇಳಿಡಿ. ಘಾಟಿಯಲ್ಲಿ ಫೋನ್ ಸತ್ತಿದೆ ಎಂದು ಸುಮ್ಮನೆ ಕೂರಬೇಡಿ, ಒಮ್ಮೆ 112 ಒತ್ತಿ ನೋಡಿ.) ಟವರೂ ನಿಮ್ಮ ಫೋನೂ ಮಾತಾಡಿಕೊಳ್ಳಬಲ್ಲವು, ಆದರೆ ಆಸ್ಪತ್ರೆಗೋ ಅಪ್ಪನಿಗೋ ಫೋನ್ ಮಾಡಲು ಬಿಡುವುದಿಲ್ಲ. ಇದು ಮೆಷಿನ್ನಿನ ತೊಂದರೆಯಲ್ಲ, ಕಂಪನಿಗಳ ಕರಾರಿನ ತೊಂದರೆ.

ಇದಕ್ಕೆ ಇಂಟ್ರಾ ಸರ್ಕಲ್ ರೋಮಿಂಗ್ ಎಂದು ಹೆಸರು. ಒಂದೇ ರಾಜ್ಯದೊಳಗೆ ಒಂದು ಕಂಪನಿಯ ಸಿಮ್ ಇನ್ನೊಂದರ ಟವರಿನಲ್ಲಿ ನಡೆಯುವುದು. 2014ರಲ್ಲೇ 3ಜಿಗೆ ಇಂಥ ಒಪ್ಪಂದ ಮಾಡಿಕೊಳ್ಳಬಹುದು ಎಂದು ಟೆಲಿಕಾಂ ನ್ಯಾಯಮಂಡಳಿ ಹೇಳಿತು. ಆಗ ಕಂಪನಿಗಳೇ ತಮಗೆ ಬೇಕೆಂದು ಸರ್ಕಾರದ ಜೊತೆ ಜಗಳಕ್ಕೆ ನಿಂತಿದ್ದವು ಎಂಬುದನ್ನು ಮರೆಯಬೇಡಿ. 2025ರ ಜನವರಿಯಲ್ಲಿ ಕೇಂದ್ರ ಸಂಪರ್ಕ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅವರು ಡಿಜಿಟಲ್ ಭಾರತ್ ನಿಧಿಯಿಂದ ಕಟ್ಟಿದ 4ಜಿ ಟವರುಗಳಲ್ಲಿ ಇದನ್ನು ಶುರು ಮಾಡಿಸಿದರು. ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಮೂರರ ಗಿರಾಕಿಗಳೂ ಅಂಥ ಒಂದು ಟವರಿನಿಂದ ಸಿಗ್ನಲ್ ಪಡೆಯಬಹುದು ಎಂದರು. ಆ ನಿಧಿಯ ದುಡ್ಡು ಎಲ್ಲಿಂದ ಬಂತು? ಕಂಪನಿಗಳು ತಮ್ಮ ಲೆಕ್ಕದ ಆದಾಯದಲ್ಲಿ ನೂರಕ್ಕೆ 5ರಂತೆ ಕಟ್ಟಬೇಕು, ಅದರಿಂದ. ಅಂದರೆ ನಮ್ಮ 39 ರೀಚಾರ್ಜಿನ ಪಾಲೂ ಅದರೊಳಗಿದೆ.

ಹಾಗಿದ್ದರೆ ನಿಧಿಯ ಟವರಿಗೆ ಆಗಿದ್ದು ಕಾಡಿನ ರಸ್ತೆಯ ಉಳಿದ ಟವರುಗಳಿಗೆ ಯಾಕೆ ಆಗಬಾರದು? ನಾವು ದುಡ್ಡು ಹಾಕಿ ಟವರ್ ಕಟ್ಟಿದ್ದೇವೆ, ಇನ್ನೊಬ್ಬರಿಗೆ ಯಾಕೆ ಕೊಡಬೇಕು ಎಂಬುದು ಕಂಪನಿಗಳ ಕಡೆಯ ವಾದ. ಪುಕ್ಕಟೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಕೆನರಾ ಬ್ಯಾಂಕಿನ ಕಾರ್ಡ್ ಸ್ಟೇಟ್ ಬ್ಯಾಂಕಿನ ಎಟಿಎಂನಲ್ಲಿ ನಡೆಯುತ್ತದೆ, ಬ್ಯಾಂಕುಗಳು ತಮ್ಮತಮ್ಮಲ್ಲಿ ಲೆಕ್ಕ ತೀರಿಸಿಕೊಳ್ಳುತ್ತವೆ. ಎಳನೀರು ಅಂಗಡಿಯ ಸ್ಕ್ಯಾನರಿಗೆ ನೀವು ಯಾವ ಆ್ಯಪಿನಿಂದ ಕಳಿಸಿದರೂ ದುಡ್ಡು ಹೋಗುತ್ತದೆ. ಅಷ್ಟು ಬಿಗಿಯಾಗಿರಬೇಕಾದ ದುಡ್ಡಿನ ವ್ಯವಹಾರದಲ್ಲೇ ಆಗಿರುವಾಗ ಇಲ್ಲಿ ಯಾಕೆ ಆಗದು?

ಇನ್ನೊಂದು ವಾದವನ್ನು ಒಪ್ಪಿಕೊಳ್ಳುತ್ತೇವೆ. ಮೂರು ಕಂಪನಿಯ ಗಿರಾಕಿಗಳು ಒಂದೇ ಟವರಿಗೆ ಬಿದ್ದರೆ ನೆಟ್ ನಿಧಾನವಾಗುತ್ತದೆ, ನಿಜ. ಜಾತ್ರೆ ದಿನ ಆಗುವುದು ಅದೇ. ಪೇಟೆಯಲ್ಲಿ ಬೇಡ ಬಿಡಿ, ಅಲ್ಲಿ ಎಲ್ಲರ ಟವರೂ ಇದೆ. ಒಂದೇ ಕಂಪನಿಯ ಟವರ್ ಇರುವ ಘಾಟಿ, ಅಭಯಾರಣ್ಯ, ಹಿನ್ನೀರಿನ ಊರುಗಳಿಗಷ್ಟೇ ಮಾಡಿ. ಆಂಬುಲೆನ್ಸಿನವರಿಗೆ ಸೊನ್ನೆಗಿಂತ ನಿಧಾನದ ನೆಟ್ಟೇ ಸಾಕು.

2021ರಲ್ಲಿ ಮಲೆನಾಡಿನ ಹುಡುಗರು "ನೋ ನೆಟ್‌ವರ್ಕ್ ನೋ ವೋಟಿಂಗ್" ಎಂದು ಎದ್ದರು. ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದ ಮಕ್ಕಳ ಫೋಟೊ ಎಲ್ಲಾ ಕಡೆ ಬಂತು. ಆಗ ನಾವೆಲ್ಲ ಬರೆದದ್ದು "ಟವರ್ ಕೊಡಿ" ಎಂದು. ಅದು ಅರ್ಧ ಬೇಡಿಕೆ ಎಂದು ಈಗ ಅನಿಸುತ್ತದೆ. ಕೆಲವು ಊರಿಗೆ ಟವರ್ ಬಂತು, ಬಂದ ಟವರ್ ಊರಿನ ಅರ್ಧ ಜನರ ಸಿಮ್ಮಿಗೆ ಕೆಲಸಕ್ಕೆ ಬರಲಿಲ್ಲ. ಅವರು ಇನ್ನೊಂದು ಸಿಮ್ ಕೊಂಡರು.

ಈಗ ಮಾಡಬಹುದಾದ ಕೆಲಸ ಒಂದಿದೆ. 2024ರ ನಿಯಮದ ಪ್ರಕಾರ ಯಾವ ಜಾಗದಲ್ಲಿ ತಮ್ಮ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಊರು ಅದರಲ್ಲಿ ಬಣ್ಣ ಬಳಿದುಕೊಂಡಿದೆಯೇ ನೋಡಿ. ಬಣ್ಣ ಇದ್ದು ಸಿಗ್ನಲ್ ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ. "ತುರ್ತು ಕರೆಗಳು ಮಾತ್ರ" ಎಂದು ಫೋನ್ ತೋರಿಸಿದ ಜಾಗದ ಸ್ಕ್ರೀನ್‌ಶಾಟನ್ನೂ ತೆಗೆದಿಡಿ, ಊರು, ತಿರುವಿನ ಗುರುತು, ಹೊತ್ತು, ಯಾವ ಸಿಮ್ ಎಂದು ಬರೆದು ನಮಗೆ ಕಳಿಸಿ. ನಗರದಿಂದ ಹೊಸಂಗಡಿ ತನಕದ ಪಟ್ಟಿಯನ್ನು ನಾವು ಶುರು ಮಾಡಿದ್ದೇವೆ. ಈ ಸಲದ ಗ್ರಾಮಸಭೆಯಲ್ಲಿ ಅದನ್ನು ಓದಿ ನಡಾವಳಿಗೆ ಸೇರಿಸಿಸಬೇಕು, ಅದರ ನಕಲನ್ನು ಸಂಸದರ ಕಚೇರಿಗೆ ಕೊಡಬೇಕು. ಸಿಗ್ನಲ್ ಸಿಕ್ಕಿದಾಗ ಕಳಿಸಿದರೆ ಸಾಕು, ಅವಸರವಿಲ್ಲ.