ಕರಿಕೋಟು ಹಾಕುವ ಮುನ್ನ

ಕಳೆದ ಭಾನುವಾರ ಹೊಸಬಾಳೆಯ ಅಕ್ಕನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಅಕ್ಕನ ಮಗಳು ಈ ವರ್ಷ ಎಲ್‌ಎಲ್‌ಬಿ ಮುಗಿಸಿದ್ದಾಳೆ. ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಭಾವ ಶುರು ಮಾಡಿದರು.

"ಡಿಗ್ರಿ ಮೂರು ವರ್ಷ, ಲಾ ಮೂರು ವರ್ಷ. ಈಗ ಯಾರದ್ದೋ ಆಫೀಸಲ್ಲಿ ಇನ್ನೂ ಮೂರು ವರ್ಷ ಕಲೀಬೇಕಂತೆ. ಇವಳು ದುಡಿಯೋದು ಯಾವಾಗ ಮಾರಾಯ್ತಿ? ನೀನೇ ಹೇಳು."

ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ನಿನ್ನ ಜೂನಿಯರ್‌ಗೆ ನೀನು ತಿಂಗಳಿಗೆ ಎಷ್ಟು ಕೊಡ್ತೀಯ?"

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಕೊನೆಯಲ್ಲಿ ಹೇಳ್ತೀನಿ. ಮೊದಲು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತಿಳಿದವಳಾಗಿ, ಮಕ್ಕಳನ್ನು ವಕೀಲರನ್ನಾಗಿ ಮಾಡಬೇಕು ಅಂದುಕೊಂಡ ಮನೆಯವರಿಗೆ ನನಗೆ ತಿಳಿದಷ್ಟು ಹೇಳಿಬಿಡ್ತೀನಿ.

ಓದಿಗೆ ಎರಡು ದಾರಿ. ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸು, ಇಲ್ಲವೇ ಯಾವುದಾದರೂ ಪದವಿ ಆದ ಮೇಲೆ ಮೂರು ವರ್ಷದ್ದು. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಸಿಎಲ್‌ಎಟಿ ಬರೆಯಬೇಕು. ನಮ್ಮ ಕಡೆಯ ಹೆಚ್ಚಿನ ಮಕ್ಕಳು ಸೇರುವುದು ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಿಗೆ. ಅದರಲ್ಲಿ ಕೀಳೇನೂ ಇಲ್ಲ. ಆದರೆ "ಮನೆಯಲ್ಲೇ ಕೂತು ಅಂಚೆ ಮೂಲಕ ಲಾ ಮಾಡಿ" ಅಂತ ಯಾರಾದರೂ ಹೇಳಿದರೆ ಒಂದು ರೂಪಾಯಿ ಕೂಡ ಕಟ್ಟಬೇಡಿ. ಅಂಥ ಪದವಿಯಿಂದ ಸನ್ನದು ಸಿಗೋದಿಲ್ಲ.

ಪದವಿ ಬಂದ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇಲ್ಲಿ ಹಣದ ಲೆಕ್ಕ ತಿಳಿದಿರಲಿ. ಸುಪ್ರೀಂ ಕೋರ್ಟು 2024ರ ಜುಲೈ 30ರಂದು ಕೊಟ್ಟ ತೀರ್ಪಿನ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಅದಕ್ಕೂ ಮೊದಲು ಹಲವು ರಾಜ್ಯಗಳಲ್ಲಿ ಹತ್ತಾರು ಸಾವಿರ ಕಟ್ಟಬೇಕಿತ್ತು. ನೋಂದಣಿಗೆಂದೇ ಅಪ್ಪಂದಿರು ಕೈಸಾಲ ಮಾಡಿದ್ದನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತು: ಪೂರ್ಣಾವಧಿ ಸಂಬಳದ ನೌಕರಿ ಇಟ್ಟುಕೊಂಡು ವಕೀಲಿ ಮಾಡುವಂತಿಲ್ಲ.

ನೋಂದಣಿಯಾದ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. 2010ರಲ್ಲಿ ಬಂದ ನಿಯಮ ಇದು. ನಾನು ಸನ್ನದು ಪಡೆದಾಗ ಇರಲಿಲ್ಲ. ನೂರು ಪ್ರಶ್ನೆ, ಉತ್ತರ ಆರಿಸುವುದು. ಸುಲಭ ಅಂತ ಮುಂದೂಡುತ್ತಾ ಹೋಗಿ ಒದ್ದಾಡಿದವರಿದ್ದಾರೆ. ಮೊದಲ ಅವಕಾಶದಲ್ಲೇ ಬರೆದು ಮುಗಿಸಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮತ್ತಿತರ ಹೊಸ ಕ್ರಿಮಿನಲ್ ಕಾನೂನುಗಳು ಬಂದಿವೆ. ಅಣ್ಣನ ಹಳೇ ಪುಸ್ತಕದಲ್ಲಿ ಓದಿ ಹೋಗಬೇಡಿ.

ಇಷ್ಟೆಲ್ಲ ಆದರೂ ಕೆಲಸ ಬರೋದಿಲ್ಲ, ಇದು ನಿಜ. ನೋಂದಣಿಗೆ ಮೊದಲು ಒಂದು ವರ್ಷ ತರಬೇತಿ ಬೇಕೆಂಬ ನಿಯಮವನ್ನು 1999ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ಹಾಗಾಗಿ ನಿಜವಾದ ತರಬೇತಿ ನಡೆಯೋದು ಹಿರಿಯ ವಕೀಲರ ಆಫೀಸಿನಲ್ಲೇ. ಅಲ್ಲಿ ಸೇರೋದಕ್ಕೆ ಜಾಹೀರಾತೂ ಇಲ್ಲ, ಅರ್ಜಿ ಫಾರಮ್ಮೂ ಇಲ್ಲ. ಸಂದರ್ಶನ ಮಾತ್ರ ಇದೆ, ಅದು ಸಂದರ್ಶನ ಅಂತ ಯಾರೂ ಹೇಳೋದಿಲ್ಲ ಅಷ್ಟೆ.

ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟು. ಮೊದಲು ಒಂದು ವಾರ ಕೋರ್ಟಿನ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತ್ಕೋ. ಯಾರು ಫೈಲು ಓದಿಕೊಂಡು ಬರ್ತಾರೆ, ಯಾರ ಪಾಟೀಸವಾಲಿಗೆ ಇಡೀ ಕೋರ್ಟು ಕಿವಿಗೊಡುತ್ತೆ, ಯಾರು ತಮ್ಮ ಜೂನಿಯರನ್ನ ಎದ್ದು ನಿಂತು ಮಾತಾಡೋಕೆ ಬಿಡ್ತಾರೆ, ನೋಡು. ಆಮೇಲೆ ಸಂಜೆ ಆಫೀಸಿಗೆ ಹೋಗು. ಬೆಳಿಗ್ಗೆ ಹೋಗಬೇಡ, ಆಗ ಕಕ್ಷಿದಾರರ ಗದ್ದಲ. ಒಂದೇ ಪುಟದ ವಿವರ ಸಾಕು. "ಏನು ಕೆಲಸ ಕೊಟ್ರೂ ಮಾಡ್ತೀನಿ ಸರ್" ಅನ್ನಬೇಡ, ಎಲ್ಲರೂ ಅನ್ನೋದು ಅದನ್ನೇ. "ಇಂಥ ಕೇಸಲ್ಲಿ ನೀವು ಸಾಕ್ಷಿಗೆ ಹಾಕಿದ ಪ್ರಶ್ನೆ ಕೇಳಿದೆ, ಅದಕ್ಕೇ ಬಂದೆ" ಅನ್ನು.

ಅವರು ಕೇಳೋದು ದೊಡ್ಡ ದೊಡ್ಡ ತೀರ್ಪಿನ ಹೆಸರಲ್ಲ. ಪಹಣಿ ಓದೋಕೆ ಬರುತ್ತಾ? ಕನ್ನಡದಲ್ಲಿ ದಾವೆ ಬರೀತೀಯಾ? ಲಿಖಿತ ಹೇಳಿಕೆ ಸಲ್ಲಿಸೋಕೆ ಎಷ್ಟು ದಿನ? ಮೂವತ್ತು ದಿನ, ಕೋರ್ಟು ಒಪ್ಪಿದರೆ ತೊಂಬತ್ತರವರೆಗೆ. ಸೊರಬ, ಶಿಕಾರಿಪುರದ ಕಡೆ ಬರೋ ಕೇಸುಗಳು ಹೆಚ್ಚಾಗಿ ತೋಟದ ಪಾಲು, ಬಗರ್‌ಹುಕುಂ, ಗಡಿ ತಕರಾರು, ಚೆಕ್ಕು, ಸಂಸಾರದ ಜಗಳ. ಇಲ್ಲಿ ಇಂಗ್ಲಿಷ್ ವಾದಕ್ಕಿಂತ ಹಳೇ ಮ್ಯುಟೇಷನ್ ಪುಸ್ತಕ ಓದಬಲ್ಲ ಕಣ್ಣು ದೊಡ್ಡದು.

ನೀನೂ ಮೂರು ಪ್ರಶ್ನೆ ಕೇಳಬೇಕು ಅಂದೆ. ಬರೆಯೋಕೆ ಕೊಡ್ತೀರಾ? ಕೋರ್ಟಲ್ಲಿ ನಿಲ್ಲೋಕೆ ಬಿಡ್ತೀರಾ? ತಿಂಗಳಿಗೆ ಎಷ್ಟು ಕೊಡ್ತೀರಾ? ಹೆಣ್ಣುಮಕ್ಕಳು ನಾಲ್ಕನೆಯದನ್ನೂ ಸಂಕೋಚ ಇಲ್ಲದೆ ಕೇಳಿ: ಸಂಜೆ ಎಷ್ಟು ಹೊತ್ತಿಗೆ ಬಿಡ್ತೀರಾ? ಊರಿನ ಕೊನೇ ಬಸ್ಸು ನಮಗಾಗಿ ಕಾಯೋದಿಲ್ಲ.

ಸೇರಿದ ಮೇಲೆ ಮೊದಲ ಪಾಠ ಡೈರಿ. ನನ್ನ ಮೊದಲ ವರ್ಷ, ಒಬ್ಬ ಅಜ್ಜಿಯ ತೋಟದ ಪಾಲಿನ ದಾವೆ. ಮುಂದಿನ ತಾರೀಖು 17 ಅಂತ ಕೂಗಿದ್ದನ್ನು ನಾನು 27 ಅಂತ ಬರೆದುಕೊಂಡೆ. 17ನೇ ತಾರೀಖು ನಮ್ಮ ಕಡೆಯಿಂದ ಯಾರೂ ಇರಲಿಲ್ಲ, ದಾವೆ ವಜಾ ಆಯ್ತು. 27ಕ್ಕೆ ಅಜ್ಜಿ ಎಲೆಅಡಿಕೆ ಚೀಲ ಹಿಡಿದು ಬಂದು ಕೂತಿದ್ದಾಗಲೇ ನನಗೆ ಗೊತ್ತಾದದ್ದು. ಮತ್ತೆ ಫೈಲಿಗೆ ತರಲು ಮೂವತ್ತು ದಿನ ಇರುತ್ತೆ, ಹಾಗಾಗಿ ಉಳಿದುಕೊಂಡೆವು. "ಬಸ್ ಚಾರ್ಜ್ ಅಷ್ಟೇ ಹೋಯ್ತು ಬಿಡು ಮಗಾ" ಅಂದರು ಅಜ್ಜಿ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ತಾರೀಖನ್ನು ಕೋರ್ಟಿನಲ್ಲೇ ಒಮ್ಮೆ, ಹೊರಗೆ ಗುಮಾಸ್ತರ ಹತ್ತಿರ ಇನ್ನೊಮ್ಮೆ ನೋಡಿಕೊಳ್ತೀನಿ.

ನ್ಯಾಯಾಧೀಶರಾಗುವ ಆಸೆ ಇರುವವರಿಗೆ ಆ ಡೈರಿ ಇನ್ನೂ ಮುಖ್ಯ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿ ಮತ್ತೆ ಕಡ್ಡಾಯವಾಯಿತು. ಲೆಕ್ಕ ಶುರುವಾಗೋದು ತಾತ್ಕಾಲಿಕ ನೋಂದಣಿಯ ದಿನದಿಂದ. ಕನಿಷ್ಠ ಹತ್ತು ವರ್ಷ ಅನುಭವದ ವಕೀಲರ ಪ್ರಮಾಣಪತ್ರಕ್ಕೆ ನ್ಯಾಯಾಲಯದ ದೃಢೀಕರಣ ಬೇಕು. ಹೆಸರಿಗೆ ಸನ್ನದು ಇಟ್ಟುಕೊಂಡು ಮನೆಯಲ್ಲಿ ಓದುತ್ತಾ ಕೂತರೆ ಆಗೋದಿಲ್ಲ.

ಖರ್ಚಿನ ಬಗ್ಗೆ ಭಾವ ಕೇಳಿದರು. ಕರಿಕೋಟು, ಬಿಳಿ ಬ್ಯಾಂಡು, ನಾಲ್ಕು ಮೂಲ ಕಾಯ್ದೆ ಪುಸ್ತಕ, ಬಸ್ ಪಾಸು. ಗೌನು ಹೈಕೋರ್ಟ್, ಸುಪ್ರೀಂ ಕೋರ್ಟಿಗೆ ಮಾತ್ರ ಕಡ್ಡಾಯ. ತಾಲ್ಲೂಕು ಕೋರ್ಟಿಗೆ ಇಲ್ಲದಿದ್ದರೂ ನಡೆಯುತ್ತೆ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಪ್ರಕಟಣೆ ಯಾವಾಗ ಬರುತ್ತೆ ಅಂತ ಜಿಲ್ಲಾ ಕಚೇರಿಯಲ್ಲಿ ವಿಚಾರಿಸುತ್ತಾ ಇರಿ.

"ಆದ್ರೂ ಮೂರು ವರ್ಷ..." ಅಂತ ಭಾವ ರಾಗ ಎಳೆದರು.

"ಅಡಿಕೆ ಸಸಿ ನೆಟ್ಟು ಆರೇಳು ವರ್ಷ ಕಾಯ್ತೀರಲ್ಲ ಭಾವ, ಅಷ್ಟು ದಿನ ನೀರು ಗೊಬ್ಬರ ಹಾಕಲ್ವಾ?" ಅಂದೆ. ಅವರು ನಕ್ಕರು. ಹುಡುಗಿ ನಗಲಿಲ್ಲ. "ನೀರು ಗೊಬ್ಬರ ಮನೆಯವರೇ ಹಾಕಬೇಕಾ, ಆಫೀಸಿನವರು ಹಾಕೋದು ಬೇಡ್ವಾ?" ಅಂದು, ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿದಳು.

"ನಾಲ್ಕು ಸಾವಿರ" ಅಂದೆ.

ಅಂಗಳದಲ್ಲಿ ಕತ್ತಿಯ ಸದ್ದು ಬಿಟ್ಟರೆ ಬೇರೇನಿಲ್ಲ. 2024ರ ಅಕ್ಟೋಬರ್‌ನಲ್ಲೇ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತ್ತು. ಅದು ಶಿಫಾರಸು, ಕಡ್ಡಾಯ ಅಲ್ಲ. ಆ "ಕಡ್ಡಾಯ ಅಲ್ಲ" ಅನ್ನೋ ಮಾತಿನ ಹಿಂದೆ ನಾನೂ ಅಡಗಿ ಕೂತಿದ್ದೆ. ನನ್ನ ಕಾಲದಲ್ಲಿ ನನಗೆ ಏನೂ ಸಿಕ್ಕಿರಲಿಲ್ಲ, ನಾನು ನಾಲ್ಕಾದರೂ ಕೊಡ್ತಿದ್ದೀನಲ್ಲ ಅಂತ ಸಮಾಧಾನ ಬೇರೆ.

ಸೋಮವಾರ ಲೆಕ್ಕದ ಪುಸ್ತಕ ತೆಗೆದು ಕೂತೆ. ಹೋದ ವರ್ಷ ನಮ್ಮ ಆಫೀಸಿಂದ ಹೋದ ದಾವೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹುಡುಗಿಯೇ ಬರೆದದ್ದು. ತಾಲ್ಲೂಕಿನ ಫೀಸಿನಲ್ಲಿ ಹದಿನೈದು ಸಾವಿರ ಈಗಲೇ ನನ್ನಿಂದ ಆಗೋದಿಲ್ಲ. ಈ ತಿಂಗಳಿಂದ ಹತ್ತು ಸಾವಿರ, ಅವಳೇ ತಂದ ಕೇಸಿನ ಫೀಸು ಪೂರ್ತಿ ಅವಳಿಗೆ ಅಂತ ಹೇಳಿದೆ. ಅವಳು ಸ್ವಲ್ಪ ಹೊತ್ತು ಫೈಲು ನೋಡ್ತಾ ಇದ್ದು, "ಮುಂದಿನ ತಿಂಗಳು ಬಿಡ್ತೀನಿ ಅಂತ ಹೇಳೋಣ ಅಂತಿದ್ದೆ ಮೇಡಂ" ಅಂದಳು.

ಅಕ್ಕನ ಮಗಳು ನನ್ನ ಆಫೀಸಿಗೆ ಬರೋದಿಲ್ಲವಂತೆ. ಚಿಕ್ಕಮ್ಮನ ಹತ್ತಿರ ಸಂಬಳ ಕೇಳೋಕೆ ಆಗಲ್ಲ, ಬೈಸಿಕೊಳ್ಳೋಕೂ ಆಗಲ್ಲ ಅಂತಾಳೆ. ಸರಿಯೇ. ಈ ವಾರ ಅವಳು ಕೋರ್ಟಿನ ಹಿಂದಿನ ಬೆಂಚಲ್ಲಿ ಕೂತಿದ್ದಾಳೆ.

ನಿಮ್ಮ ಮನೆಯಲ್ಲೂ ಕರಿಕೋಟಿನ ಕನಸಿದ್ದರೆ ಬರೆಯಿರಿ. ಗೊತ್ತಿದ್ದಷ್ಟು ಹೇಳ್ತೀನಿ.