ಸೌಂಡ್ ಬರುವುದಿಲ್ಲವೆಂದು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಬೇಡಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮನೆಗಳಲ್ಲಿ ಒಂದು ಮಾತು ಬೇರೂರಿದೆ: "ಲಿನಕ್ಸಿನಲ್ಲಿ ಸೌಂಡ್ ಬರುವುದಿಲ್ಲ, ವಿಂಡೋಸ್ ಹಾಕಿಸಿ." ರಿಪೇರಿ ಅಂಗಡಿಯವರು ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಸಂಜೆಗೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಮನೆಗೆ ಬರುತ್ತದೆ. ಸೌಂಡೂ ಬರುತ್ತದೆ. ಆದರೆ ಹೋದದ್ದೇನು ಎಂದು ಲೆಕ್ಕ ಹಾಕಿದವರು ಎಷ್ಟು ಮಂದಿ?

ಗಲ್ಫಿನಲ್ಲಿರುವ ಉಪ್ಪನ ಪಾಸ್‌ಪೋರ್ಟ್, ವೀಸಾಗಳ ಸ್ಕ್ಯಾನ್ ಪ್ರತಿ, ತಂಗಿಯ ಮದುವೆಯ ಫೋಟೋ, ಮಗನ ಪ್ರಾಜೆಕ್ಟ್ ಎಲ್ಲವೂ ಅದರಲ್ಲೇ ಇರುತ್ತವೆ. ಬೇರೆ ಕಡೆ ಪ್ರತಿ ಇಟ್ಟಿರದಿದ್ದರೆ ಎಲ್ಲವೂ ಹೋಯಿತು. ಅದರ ಮೇಲೆ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಸಿಕೊಂಡರೆ, ಅದನ್ನು ಚಾಲೂ ಮಾಡಲು ಬಳಸಿದ ಕ್ರ್ಯಾಕ್ ಫೈಲಿನೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ನಾವು ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ!

ಇನ್ನೂ ದೊಡ್ಡ ನಷ್ಟ ಮಕ್ಕಳದ್ದು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ 'ಕೈಟ್' ಆಯಿತು. ಶಾಲೆಗಳ ಕಂಪ್ಯೂಟರ್‌ಗಳಿಗೆ ಅದು ಕೊಡುವುದು ಲಿನಕ್ಸನ್ನೇ. ಕಾಸರಗೋಡಿನ ಕನ್ನಡ ಮಾಧ್ಯಮದ ನಮ್ಮ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ಬಂದೊಡನೆ "ಇದು ಪ್ರಯೋಜನವಿಲ್ಲದ್ದು" ಎಂದು ಅಳಿಸಿ ಹಾಕಿದರೆ ಮಗು ಕಲಿಯುವ ಪಾಠವೇನು? ತೊಂದರೆ ಬಂದರೆ ಹುಡುಕಬೇಡ, ಅಳಿಸಿಬಿಡು ಎಂದು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ನೋಡುತ್ತೇವೆ, ಆಮೇಲೆ ಪ್ಲಗ್. ಯಾರೂ ನೇರವಾಗಿ ಇಂಜಿನ್ ಬದಲಿಸುವುದಿಲ್ಲ. ಸೌಂಡೂ ಹಾಗೆಯೇ. ಎಲ್ಲಕ್ಕಿಂತ ಕೆಳಗೆ ಸೌಂಡ್ ಚಿಪ್. ಅದನ್ನು ನಡೆಸುವುದು ಕರ್ನೆಲ್ಲಿನಲ್ಲಿರುವ ಅಲ್ಸಾ ಡ್ರೈವರ್. ಅದರ ಮೇಲೆ ಪಲ್ಸ್‌ಆಡಿಯೋ ಅಥವಾ ಹೊಸದಾದ ಪೈಪ್‌ವೈರ್. ಎಲ್ಲಕ್ಕಿಂತ ಮೇಲೆ ನಾವು ಬಳಸುವ ಆ್ಯಪ್. ದಾರಿ ಎಲ್ಲಿ ಕಟ್ಟಿದೆ ಎಂದು ನೋಡಿದರಾಯಿತು.

ಮೊದಲು ಸೆಟ್ಟಿಂಗ್ಸಿನ ಸೌಂಡ್ ಪುಟದಲ್ಲಿ ಔಟ್‌ಪುಟ್ ನೋಡಿ. ಅಲ್ಲಿ ಎಚ್‌ಡಿಎಂಐ ಎಂದಿದ್ದರೆ ಸೌಂಡ್ ಟಿವಿಯ ಕೇಬಲ್ಲಿನ ಕಡೆಗೆ ಹೋಗುತ್ತಿದೆ. ಸ್ಪೀಕರ್ ಆರಿಸಿ. ಅದು ಸರಿಯಿದ್ದರೆ ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರದಲ್ಲಿ 'ಅಲ್ಸಾಮಿಕ್ಸರ್' ಎಂದು ಟೈಪ್ ಮಾಡಿ. ಎಫ್6 ಒತ್ತಿ ಕಾರ್ಡ್ ಆರಿಸಿ. ಮಾಸ್ಟರ್ ಅಥವಾ ಸ್ಪೀಕರಿನ ಕಂಬದ ಕೆಳಗೆ 'ಎಂಎಂ' ಎಂದಿದ್ದರೆ ಅದು ಮ್ಯೂಟ್ ಆಗಿದೆ. ಎಂ ಕೀ ಒತ್ತಿದರೆ ಮ್ಯೂಟ್ ಹೋಗುತ್ತದೆ. ಇದಕ್ಕಾಗಿಯೇ ದುಡ್ಡು ಕೊಟ್ಟು ಫಾರ್ಮ್ಯಾಟ್ ಮಾಡಿಸಿದವರಿದ್ದಾರೆ.

ಔಟ್‌ಪುಟ್ ಪಟ್ಟಿಯಲ್ಲಿ ಬರೀ 'ಡಮ್ಮಿ ಔಟ್‌ಪುಟ್' ಎಂದು ಕಂಡರೆ ವಿಷಯ ಬೇರೆ. ಮೇಲಿನ ಪದರಕ್ಕೆ ಕಾರ್ಡ್ ಸಿಕ್ಕಿಲ್ಲ ಎಂದರ್ಥ. ಅಲ್ಸಾಮಿಕ್ಸರಿನ ಎಫ್6 ಪಟ್ಟಿಯಲ್ಲಿ ಕಾರ್ಡಿನ ಹೆಸರಿದ್ದರೆ ಡ್ರೈವರ್ ಕೆಲಸ ಮಾಡುತ್ತಿದೆ, ಹುಳುಕು ಮೇಲಿನ ಪದರದಲ್ಲಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ನೋಡಿ. ಕಾರ್ಡೇ ಇಲ್ಲದಿದ್ದರೆ ಡ್ರೈವರ್ ಅಥವಾ ಫರ್ಮ್‌ವೇರ್ ಬೇಕು. ಇತ್ತೀಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ 'ಸೌಂಡ್ ಓಪನ್ ಫರ್ಮ್‌ವೇರ್' ಎಂಬ ಫೈಲ್ ಇಲ್ಲದೆ ಸೌಂಡ್ ಇಲ್ಲ. ಇಂಟರ್ನೆಟ್ ಜೋಡಿಸಿ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡಿ, ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ.

ಅದಕ್ಕೂ ಬಗ್ಗದಿದ್ದರೆ ಹೊಸ ಉಬುಂಟು ಅಥವಾ ಫೆಡೋರಾವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತಬೇಡಿ. ಬರೀ ನೋಡುವುದಕ್ಕೆ, ಒಳಗಿರುವ ಯಾವ ಫೈಲೂ ಹೋಗುವುದಿಲ್ಲ. ಅಲ್ಲಿ ಸೌಂಡ್ ಬಂದರೆ ಚಿಪ್ಪೂ ಸ್ಪೀಕರೂ ಸರಿಯಿವೆ, ತೊಂದರೆ ಒಳಗಿನ ಸಾಫ್ಟ್‌ವೇರಿನಲ್ಲಿದೆ ಅಷ್ಟೆ.

"ಇದಕ್ಕೆಲ್ಲ ಪುರುಸೊತ್ತು ಯಾರಿಗಿದೆ?" ಎನ್ನುವವರಿಗೆ ಒಂದು ಪ್ರಶ್ನೆ. ಫಾರ್ಮ್ಯಾಟ್ ಆದ ಮೇಲೆ ಪ್ರಿಂಟರ್, ಪಾಸ್‌ವರ್ಡ್, ಫೈಲ್ ಎಲ್ಲವನ್ನೂ ಮತ್ತೆ ಕೂಡಿಸಲು ಪುರುಸೊತ್ತು ಎಲ್ಲಿಂದ ಬರುತ್ತದೆ?

ಲಿನಕ್ಸಿನಲ್ಲಿ ಕುಂದೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಸ್ಪೀಕರಿನ ಆಂಪ್ಲಿಫಯರ್ ಚಿಪ್ಪಿಗೆ ಬೇಕಾದ ಮಾಹಿತಿಯನ್ನು ತಯಾರಕರು ಕೊಟ್ಟಿರುವುದಿಲ್ಲ. ಕರ್ನೆಲ್ ಬರೆಯುವವರು ಒಂದೊಂದೇ ಮಾಡೆಲ್ಲಿಗೆ ತಿದ್ದುಪಡಿ ಸೇರಿಸಬೇಕಾಗುತ್ತದೆ, ಅದಕ್ಕೆ ಕಾಯಲೇಬೇಕು. ಅದಕ್ಕಾಗಿಯೇ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಪೆನ್‌ಡ್ರೈವ್ ಹಾಕಿ ಸೌಂಡ್, ಮೈಕ್, ವೈಫೈ ನೋಡಲು ಬಿಡಿ ಎಂದು ಕೇಳಬೇಕು. ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡದೆ ಮೂಟೆ ಕೊಳ್ಳುವವರು ನನ್ನ ಉಪ್ಪನ ಅಂಗಡಿಗೆ ಬಂದದ್ದನ್ನು ನಾನು ಕಂಡಿಲ್ಲ. ಸಾವಿರಾರು ರೂಪಾಯಿಯ ಲ್ಯಾಪ್‌ಟಾಪಿಗೆ ಮಾತ್ರ ಯಾಕೆ ಈ ಸಂಕೋಚ?

ಲಿನಕ್ಸ್ ಬಲ್ಲ ನಮ್ಮ ಹುಡುಗರಿಗೂ ಒಂದು ಮಾತು. ಉಮ್ಮ "ಸೌಂಡ್ ಬರುವುದಿಲ್ಲ ಮೋನೆ" ಎಂದರೆ "ಇಷ್ಟೂ ಗೊತ್ತಿಲ್ಲವಾ" ಎಂದು ನಗಬೇಡಿ. ನೀವು ನಕ್ಕರೆ ಅವರು ನಾಳೆ ಫಾರ್ಮ್ಯಾಟಿಗೆ ಕೊಡುತ್ತಾರೆ. ಪಕ್ಕದಲ್ಲಿ ಕೂತು ತೋರಿಸಿ. ಮಂಡೆ ತಿನ್ನುವ ಕೆಲಸವೇನಲ್ಲ.

ಅಂಗಡಿಗೆ ಕೊಂಡುಹೋಗಲೇಬೇಕಾದರೆ ಇಷ್ಟು ಕೇಳಿ: "ತೊಂದರೆ ಚಿಪ್ಪಿನಲ್ಲೋ, ಡ್ರೈವರಿನಲ್ಲೋ, ಸೆಟ್ಟಿಂಗಿನಲ್ಲೋ?" ಉತ್ತರ ಕೊಡದೆ ಫಾರ್ಮ್ಯಾಟ್ ಎನ್ನುವವರ ಕೈಗೆ ಲ್ಯಾಪ್‌ಟಾಪ್ ಕೊಡಬೇಡಿ.